ಗೋಧಿ ಬಿಟ್ಟೆ, ಹಾಲು ಬಿಟ್ಟೆ. ಹೊಟ್ಟೆ ಮಾತ್ರ ಇನ್ನೂ ಸರಿಹೋಗಿಲ್ಲ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಕೊಡಗಿನ ನಾಪೋಕ್ಲು ಕಡೆಯ ಊರು, ಕೂಡು ಕುಟುಂಬ, ಕಾಫಿ ತೋಟ. ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಸುಸ್ತು, ಹೊಟ್ಟೆಯುಬ್ಬರ, ಆಗಾಗ ಭೇದಿ. ಕಡೆಗೆ ಮೈಸೂರಿನಲ್ಲಿ ರಕ್ತಪರೀಕ್ಷೆ, ಎಂಡೋಸ್ಕೋಪಿ ಮಾಡಿ ಸೀಲಿಯಾಕ್ ಕಾಯಿಲೆ ಎಂದರು. ಗೋಧಿ ಜೀವನಪೂರ್ತಿ ಬೇಡ, ಹಾಲು ಸದ್ಯಕ್ಕೆ ಬೇಡ ಎಂದು ಹೇಳಿ ಕಳುಹಿಸಿದರು. ನಾಲ್ಕು ತಿಂಗಳಾಯಿತು, ಎಲ್ಲ ಬಿಟ್ಟಿದ್ದೇನೆ. ಸ್ವಲ್ಪ ಸುಧಾರಿಸಿದೆ, ಆದರೆ ವಾರಕ್ಕೆರಡು ದಿನ ಹೊಟ್ಟೆ ಕೆಡುವುದು ತಪ್ಪಿಲ್ಲ. ಬೆಳಿಗ್ಗೆ ಶಕ್ತಿ ಬರಲೆಂದು ಬಿಸಿನೀರಿಗೆ ಮಾಲ್ಟ್ ಪುಡಿ ಹಾಕಿ ಕುಡಿಯುತ್ತೇನೆ. ತಿಂಡಿಗೆ ಅಕ್ಕಿ ಒಟ್ಟಿ (ರೊಟ್ಟಿ) ಅಥವಾ ನೂಪುಟ್ಟು (ಅಕ್ಕಿ ಹಿಟ್ಟಿನ ಶ್ಯಾವಿಗೆ). ಹಿಟ್ಟು ಪೇಟೆಯ ಗಿರಣಿಯಲ್ಲಿ ಮಾಡಿಸುತ್ತೇವೆ. ಮಧ್ಯಾಹ್ನ ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ. ಸಂಜೆ ಆನ್‌ಲೈನಿನಲ್ಲಿ ತರಿಸಿದ ಗ್ಲುಟೆನ್ ಇಲ್ಲದ ಬಿಸ್ಕತ್ತು. ರಾತ್ರಿ ಅನ್ನ, ಮಾಂಸ ಅಥವಾ ಮೀನು. ‘ಅಕ್ಕಿ ತಿನ್ನುವ ನಮ್ಮಲ್ಲಿ ಗೋಧಿಯ ಕಾಯಿಲೆ ಎಲ್ಲಿಂದ ಬಂತು’ ಎಂದು ಅತ್ತೆ ಕೇಳುತ್ತಾರೆ. ಹಾಲಿಲ್ಲದೆ ಮೂಳೆಯ ಗತಿಯೇನು? ಇಬ್ಬರು ಮಕ್ಕಳಿಗೂ ಗೋಧಿ ನಿಲ್ಲಿಸಲೇ? ಸುಗ್ಗಿಹಬ್ಬ ಹುತ್ತರಿ ಬರುತ್ತಿದೆ, ಅದರ ಹಿಂದೆಯೇ ಮದುವೆಗಳು. ನಾನು ಏನು ತಿನ್ನಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ದಿನದ ಊಟದ ವಿವರ. ಗೋಧಿ ಬಿಟ್ಟಿದ್ದೇನೆ ಎಂದು ನೀವು ಬರೆದಿದ್ದೀರಿ, ಆದರೆ ಗೋಧಿ ನಿಮ್ಮನ್ನು ಬಿಟ್ಟಿಲ್ಲ. ಬೆಳಗಿನ ಲೋಟದಲ್ಲಿ ಅದು ಇರುವುದು ಬಹುತೇಕ ಖಚಿತ. ಒಟ್ಟಿಯ ಹಿಟ್ಟಿನಲ್ಲಿ ಮತ್ತು ಸಾರಿನ ಇಂಗಿನಲ್ಲಿ ಇರುವ ಸಾಧ್ಯತೆ ಬಹಳ. ಈ ಮೂರನ್ನು ಸರಿಪಡಿಸುವವರೆಗೆ ಹೊಸ ಔಷಧಿಯನ್ನೂ ಹೊಸ ಪಥ್ಯವನ್ನೂ ಹುಡುಕಬೇಡಿ.

ಮೊದಲು ಲೋಟದ ವಿಷಯ. ಡಬ್ಬಿಯಲ್ಲಿ ಬರುವ ಶಕ್ತಿವರ್ಧಕ ಮಾಲ್ಟ್ ಪುಡಿಗಳು ಸಾಮಾನ್ಯವಾಗಿ ಮೊಳಕೆ ಬರಿಸಿದ ಬಾರ್ಲಿಯಿಂದ, ಅಂದರೆ ಜವೆಗೋಧಿಯಿಂದ, ತಯಾರಾಗುತ್ತವೆ. ಹಲವಕ್ಕೆ ಗೋಧಿ ಹಿಟ್ಟೂ ಹಾಲಿನ ಪುಡಿಯೂ ಸೇರಿರುತ್ತವೆ. ಸೀಲಿಯಾಕ್‌ನಲ್ಲಿ ಸಣ್ಣ ಕರುಳಿಗೆ ಹಾನಿ ಮಾಡುವ ಗ್ಲುಟೆನ್ ಎಂಬ ಪ್ರೋಟೀನು ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲೂ ಇದೆ. ಮೂರೂ ನಿಮಗೆ ವರ್ಜ್ಯ. ನೀವು ಹಾಲಿನ ಬದಲು ನೀರಿಗೆ ಹಾಕಿಕೊಂಡರೂ ಹಾಲು ಪುಡಿಯ ರೂಪದಲ್ಲಿ ಹೊಟ್ಟೆಗೆ ಹೋಗುತ್ತಲೇ ಇದ್ದಿರಬಹುದು. ಕಾಯಿಲೆಯಿಂದ ಸೊರಗಿದವರಿಗೆ ಮನೆಯವರು ಅಕ್ಕರೆಯಿಂದ ಕೊಡುವ ಮೊದಲ ವಸ್ತುವೇ ಇದು. ಡಬ್ಬಿಯನ್ನು ಮಕ್ಕಳ ಪಾಲಿಗೆ ಬಿಡಿ, ನಾಳೆಯಿಂದ ನಿಮಗೆ ಬೇಡ. ಪೇಟೆಯ ರಾಗಿ ಮಾಲ್ಟ್ ಪೊಟ್ಟಣವನ್ನೂ ಹಿಂದುಮುಂದು ನೋಡದೆ ಕೊಳ್ಳಬೇಡಿ. ರಾಗಿಯ ಜೊತೆ ಗೋಧಿ, ಬಾರ್ಲಿ, ಹಾಲಿನ ಪುಡಿ ಬೆರೆಸಿದವು ಇವೆ.

ಇನ್ನು ಗಿರಣಿ. ಈ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಅಕ್ಕಿಯಿಂದಲೇ ಬದುಕುವ ಕೊಡಗಿನ ಮನೆಗಳಲ್ಲಿ ನಾನು ಕಂಡಿರುವ ದೊಡ್ಡ ಕಳ್ಳದಾರಿ ಇದೇ. ಪೇಟೆಯ ಹಿಟ್ಟಿನ ಗಿರಣಿಯಲ್ಲಿ ನಿಮ್ಮ ಅಕ್ಕಿ ಸುರಿಯುವ ಮೊದಲು ಯಾರದೋ ಐದು ಕಿಲೋ ಗೋಧಿ ಹೋಗಿರುತ್ತದೆ. ಯಂತ್ರದ ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಚೀಲದಲ್ಲಿ, ಕೆಳಗಿಟ್ಟ ಡಬ್ಬಿಯ ಅಂಚಿನಲ್ಲಿ ಅದರ ಹಿಟ್ಟು ಉಳಿದಿರುತ್ತದೆ. ಆ ಚೀಲವನ್ನು ಗಿರಣಿಯವನು ಕೋಲಿನಿಂದ ತಟ್ಟಿದಾಗ ಉದುರುವ ಬಿಳಿ ಪುಡಿಯಲ್ಲಿ ಅಕ್ಕಿ ಎಷ್ಟು, ಗೋಧಿ ಎಷ್ಟು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಸೀಲಿಯಾಕ್ ಇರುವವರಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಹಾನಿಯಾಗುತ್ತದೆ ಎಂದು ಸಂಶೋಧನೆ ತೋರಿಸಿದೆ. ಗೋಧಿ ಹಿಟ್ಟಿನ ತೂಕದಲ್ಲಿ ಹತ್ತಿರಹತ್ತಿರ ಹತ್ತನೇ ಒಂದು ಪಾಲು ಗ್ಲುಟೆನ್. ಅಂದರೆ ಅರ್ಧ ಗ್ರಾಂ ಹಿಟ್ಟು ಸಾಕು. ಎರಡು ಬೆರಳಿನ ಚಿಟಿಕೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಭತ್ತ ಮಾತ್ರ ಕುಟ್ಟುವ ಅಕ್ಕಿ ಗಿರಣಿ ಬೇರೆ, ಎಲ್ಲ ಧಾನ್ಯ ಬೀಸುವ ಹಿಟ್ಟಿನ ಗಿರಣಿ ಬೇರೆ. ಭತ್ತದ ಗಿರಣಿಯಿಂದ ಬರುವ ನುಚ್ಚು, ತರಿ ನಿಮಗೆ ನಿಶ್ಚಿಂತೆಯ ಆಹಾರ. ಹಾಗಾಗಿ ತರಿಯಿಂದ ಮಾಡುವ ಕಡಂಬುಟ್ಟು (ಬೇಯಿಸಿದ ಉಂಡೆ), ಪಾಪುಟ್ಟು ಸುಲಭ. ಹಿಟ್ಟು ಬೇಕಾದ ನೂಪುಟ್ಟು, ಒಟ್ಟಿಯಲ್ಲೇ ತೊಡಕು. ತರಿಯೂ ಮನೆಯದ್ದೇ ಆಗಿರಲಿ, ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವುದು ಬೇಡ; ಬನ್ಸಿ ರವೆಯ ಚೀಲಕ್ಕೂ ಅಕ್ಕಿ ತರಿಯ ಚೀಲಕ್ಕೂ ಅಲ್ಲಿ ಒಂದೇ ಸೌಟು.

ಹಿಟ್ಟಿಗೆ ಮೂರು ದಾರಿಗಳಿವೆ. ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯುವುದು ಒಂದು. ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಿಮ್ಮ ಊರಿನಲ್ಲಿ ತೊಳೆದ ಅಕ್ಕಿ ಒಣಗುವುದೆಂದರೆ ನಗೆಪಾಟಲಿನ ಮಾತು. ಆಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತೇವ ಆರುವಷ್ಟು ಹುರಿದುಕೊಳ್ಳಬಹುದು, ಇಲ್ಲವೇ ಮಾರ್ಚ್, ಏಪ್ರಿಲಿನ ಬಿಸಿಲಲ್ಲೇ ಮಳೆಗಾಲಕ್ಕಾಗುವಷ್ಟು ಮಾಡಿ ಗಾಳಿಯಾಡದ ಡಬ್ಬಿಗೆ ತುಂಬಿಡಬಹುದು. ಎರಡನೆಯ ದಾರಿ, ಮನೆಗೇ ಪುಟ್ಟ ಹಿಟ್ಟಿನ ಯಂತ್ರ ತಂದು ಅಕ್ಕಿ, ರಾಗಿಗೆ ಮಾತ್ರ ಮೀಸಲಿಡುವುದು. ಬಿಸ್ಕತ್ತಿಗೆ ಸುರಿಯುತ್ತಿರುವ ಹಣವನ್ನು ಈ ಕಡೆ ತಿರುಗಿಸಿದರೆ ಯಂತ್ರದ ಬೆಲೆ ನಿಧಾನವಾಗಿ ಹುಟ್ಟುತ್ತದೆ. ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು: ಹಿಟ್ಟನ್ನೇ ಬಿಡುವುದು. ನೆನೆಸಿದ ಅಕ್ಕಿಯನ್ನು ನೀರು ಹಾಕಿ ರುಬ್ಬಿ, ಒಲೆಯ ಮೇಲೆ ಗಟ್ಟಿಯಾಗುವವರೆಗೆ ಮಗುಚಿ, ಉಂಡೆ ಕಟ್ಟಿ ಬೇಯಿಸಿ ಒತ್ತಿದರೆ ಒತ್ತು ಶ್ಯಾವಿಗೆ. ನೂಪುಟ್ಟಿಗಿಂತ ತುಸು ಜಿಗುಟು, ಆದರೆ ಕೋಳಿ ಸಾರಿಗೆ ಕೊರತೆಯೇನಿಲ್ಲ. ಅದೇ ಹಿಟ್ಟನ್ನು ತೆಳ್ಳಗೆ ಮಾಡಿದರೆ ನೀರುದೋಸೆ. ಗಿರಣಿಯ ಮುಖ ನೋಡುವ ಕೆಲಸವೇ ಇಲ್ಲ.

ಅಡುಗೆಮನೆಯಲ್ಲಿ ನಾಲ್ಕು ವಸ್ತು ನಿಮಗೆ ಪ್ರತ್ಯೇಕವಾಗಿರಬೇಕು: ಜರಡಿ, ಕಾವಲಿ, ಲಟ್ಟಣಿಗೆ ಮತ್ತು ಮಣೆ, ಮರದ ಸೌಟು. ಇವುಗಳ ಕಣ್ಣು, ಬಿರುಕುಗಳಲ್ಲಿ ಕೂತ ಹಿಟ್ಟು ತೊಳೆದರೆ ಹೋಗುವುದಿಲ್ಲ. ಸ್ಟೀಲ್ ಪಾತ್ರೆ, ತಟ್ಟೆ, ಕುಕ್ಕರ್ ಸಾಬೂನು ಹಾಕಿ ಚೆನ್ನಾಗಿ ತೊಳೆದರೆ ಸಾಕು, ಅವನ್ನು ಬೇರೆ ಮಾಡಿ ಮನೆಯಲ್ಲಿ ಮಡಿ–ಮೈಲಿಗೆಯ ವಾತಾವರಣ ಹುಟ್ಟಿಸಬೇಡಿ. ಉಳಿದವರು ಚಪಾತಿ ತಿನ್ನಲಿ. ಆದರೆ ಚಪಾತಿ ಲಟ್ಟಿಸುವ ದಿನ ನಿಮ್ಮ ಅಡುಗೆ ಮೊದಲು ಆಗಲಿ, ಮುಚ್ಚಿಡಿ, ಆಮೇಲೆ ಗೋಧಿ ಹಿಟ್ಟಿನ ಡಬ್ಬಿ ತೆರೆಯಲಿ. ಎಣ್ಣೆಯದ್ದೂ ಇದೇ ಮಾತು: ಮೈದಾದ ಸಮೋಸಾ ಕರಿದ ಎಣ್ಣೆಯಲ್ಲಿ ನಿಮ್ಮ ಹಪ್ಪಳ ಬೇಡ.

ಇಂಗಿನ ಕಥೆ ಚಿಕ್ಕದು, ಆದರೆ ಬಹಳ ಜನ ಇದನ್ನು ನಂಬುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಶುದ್ಧ ಇಂಗಲ್ಲ. ಅಂಟು ಮತ್ತು ಹಿಟ್ಟಿನ ಜೊತೆ ಬೆರೆಸಿದ್ದು. ಆ ಹಿಟ್ಟು ಸಾಮಾನ್ಯವಾಗಿ ಮೈದಾ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಬರುತ್ತದೆ, ಡಬ್ಬಿಯ ಹಿಂದೆ ಬರೆದಿರುತ್ತದೆ, ಅದನ್ನೇ ಕೊಳ್ಳಿ. ಇಲ್ಲವೇ ಬೆಳ್ಳುಳ್ಳಿ ಒಗ್ಗರಣೆ ಕೊಡಿ, ಸಾರಿಗೆ ಇಂಗೇ ಆಗಬೇಕೆಂಬ ಕಟ್ಟಳೆ ಕೊಡಗಿನಲ್ಲಂತೂ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಇವೆಲ್ಲವೂ ಇಂಗು ಹೊತ್ತು ತರುವ ವಾಹನಗಳು. ಮೈಸೂರು ಕಡೆಯ ನೆಂಟರು ಮೆಂತ್ಯದ ಹಿಟ್ಟು ತಂದುಕೊಟ್ಟರೆ ಅದೂ ಬೇಡ, ಬೇಳೆಗಳ ಜೊತೆ ಗೋಧಿಯನ್ನೂ ಹುರಿದು ಬೀಸಿರುತ್ತಾರೆ.

ಇವಲ್ಲದೆ ಕೊಡಗಿಗೇ ಸೇರಿದ ಒಂದೆರಡು ಎಚ್ಚರಿಕೆಗಳು. ಮನೆಯಲ್ಲಿ ತಯಾರಿಸಿದ ವೈನ್‌ಗೆ ಹುದುಗು ಚೆನ್ನಾಗಿ ಬರಲೆಂದು ಹಿಡಿ ಗೋಧಿ ಹಾಕುವ ರೂಢಿ ಬಹಳ ಕಡೆ ಇದೆ, ಕೇಳಿ ತಿಳಿದುಕೊಳ್ಳದೆ ಬಾಯಿಗಿಡಬೇಡಿ. ಬಿಯರ್ ಬಾರ್ಲಿಯದ್ದು, ಅದೂ ಇಲ್ಲ. ಬಟ್ಟಿ ಇಳಿಸಿದ ಮದ್ಯದಲ್ಲಿ ಗ್ಲುಟೆನ್ ಉಳಿಯುವುದಿಲ್ಲ. ಕುಡಿಯಿರಿ ಎಂದು ಹೇಳುತ್ತಿಲ್ಲ, ಮದುವೆಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆಂದು ಹೇಳಿದೆ. ಹಂದಿಮಾಂಸದ ಸಾಸೇಜ್‌ಗಳಿಗೆ ಬ್ರೆಡ್ ಪುಡಿ ಸೇರಿಸಿರಬಹುದು. ಕುಶಾಲನಗರದ ಆಚೆ ಬೈಲಕುಪ್ಪೆಗೆ ಹೋದರೆ ಮೊಮೊ, ತುಕ್ಪಾ ಎರಡೂ ಗೋಧಿಯವು. ಟಿಬೆಟನ್ನರ ತ್ಸಂಪಾ ಹುರಿದ ಬಾರ್ಲಿ ಹಿಟ್ಟು. ಸೋಯಾ ಸಾಸ್ ಸಾಮಾನ್ಯವಾಗಿ ಗೋಧಿ ಸೇರಿಸಿ ತಯಾರಾಗುವುದರಿಂದ ಫ್ರೈಡ್ ರೈಸ್ ಅಕ್ಕಿಯದ್ದೆಂದು ಮೋಸ ಹೋಗಬೇಡಿ.

ಮತ್ತೆ, ತಿನ್ನಬಹುದಾದದ್ದು ಏನು? ನಿಜ ಹೇಳಬೇಕೆಂದರೆ ಈ ಕಾಯಿಲೆ ಬಂದವರು ಇರಬೇಕಾದ ಊರಿನಲ್ಲೇ ನೀವಿದ್ದೀರಿ. ಪಂಜಾಬಿನ ಹೆಣ್ಣುಮಗಳಿಗೆ ಈ ಕಾಯಿಲೆ ಬಂದರೆ ಇಡೀ ಅಡುಗೆಮನೆ ತಲೆಕೆಳಗಾಗುತ್ತದೆ. ನಿಮ್ಮ ಅತ್ತೆಯ ತಾಯಿ ಮಾಡುತ್ತಿದ್ದ ಅಡುಗೆಗೆ ಮರಳಿದರೆ ಮುಕ್ಕಾಲು ಪಥ್ಯ ಮುಗಿಯಿತು. ಪಂದಿ ಕರಿಯ (ಹಂದಿಮಾಂಸದ ಸಾರು) ಮಸಾಲೆಯಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆಯನ್ನು ಕಪ್ಪಗೆ ಹುರಿದು ಪುಡಿ ಮಾಡುತ್ತಾರೆ, ಹುಳಿಗೆ ಕಾಚಂಪುಳಿ. ಗೋಧಿಯೂ ಇಲ್ಲ, ಹಾಲೂ ಇಲ್ಲ. ಬೈಂಬಳೆ (ಕಳಲೆ) ಕರಿ, ಕುಮ್ಮು (ಅಣಬೆ) ಕರಿ, ಕೆಸುವಿನ ಸೊಪ್ಪಿನ ಪಲ್ಯ, ಹಲಸಿನ ಬೀಜದ ಸಾರು ಯಾವುದಕ್ಕೂ ಅಡ್ಡಿಯಿಲ್ಲ. ಹಲಸು ಅಥವಾ ಬಾಳೆಹಣ್ಣಿನ ಕೂವಲೆ ಪುಟ್ಟು ಎಲೆಯಲ್ಲಿ ಕಟ್ಟಿ ಬೇಯಿಸಿದ್ದು, ಮಕ್ಕಳ ಹುಟ್ಟುಹಬ್ಬಕ್ಕೆ ನೀವೂ ಕೂತು ತಿನ್ನಬಹುದಾದ ಸಿಹಿ. ಪಾಪುಟ್ಟಿಗೆ ಮಾತ್ರ ಹಾಲು ಹಾಕುತ್ತಾರೆ. ಅಲ್ಲಿ ಹಸುವಿನ ಹಾಲಿನ ಜಾಗಕ್ಕೆ ತೆಂಗಿನ ಹಾಲು ಬಂದರೆ ರುಚಿ ಹೆಚ್ಚುತ್ತದೆಯೇ ವಿನಾ ಕೆಡುವುದಿಲ್ಲ.

ಬಿಸ್ಕತ್ತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ದುಬಾರಿ ಪೊಟ್ಟಣದೊಳಗೆ ಹೆಚ್ಚಾಗಿ ಇರುವುದು ಮೆಕ್ಕೆಜೋಳದ ಪಿಷ್ಟ, ಮರಗೆಣಸಿನ ಪಿಷ್ಟ, ಸಕ್ಕರೆ, ಕೊಬ್ಬು. ನಾರು ಕಡಿಮೆ, ಪ್ರೋಟೀನು ಕಡಿಮೆ. ಎಷ್ಟೋ ಪೊಟ್ಟಣಗಳಲ್ಲಿ ಬೆಣ್ಣೆ, ಹಾಲಿನ ಪುಡಿ ಇರುತ್ತದೆ, ಅಂದರೆ ಗ್ಲುಟೆನ್ ಇಲ್ಲದ್ದು ನಿಮಗೆ ಹೊಂದುವುದೇ ಎಂದೇನೂ ಅಲ್ಲ. ಪ್ರಯಾಣಕ್ಕೆ ಒಂದು ಪೊಟ್ಟಣ ಇರಲಿ. ಸಂಜೆಯ ಹಸಿವಿಗೆ ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು, ಎಳ್ಳುಂಡೆ, ಕಾಲಕ್ಕೆ ತಕ್ಕಂತೆ ಕಿತ್ತಳೆ ಸಾಕು. ಪೊಟ್ಟಣ ಕೊಳ್ಳುವುದೇ ಆದರೆ ಮುಂಭಾಗದ ಚಿತ್ರ ನೋಡಬೇಡಿ. ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂದು ಭಾರತದ ಆಹಾರ ಸುರಕ್ಷತಾ ನಿಯಮವಿದೆ. ಗೋಧಿ, ಹಾಲು ಇದ್ದರೆ ಹಿಂಭಾಗದ ಅಲರ್ಜಿ ಸೂಚನೆಯಲ್ಲಿ ಹೇಳಲೇಬೇಕು. ಹಾಲಿನ ಘನಾಂಶ, ವೇ, ಕೇಸಿನೇಟ್, ಇವು ಮೂರೂ ಹಾಲೇ. ಓಟ್ಸ್ ಸದ್ಯಕ್ಕೆ ಮುಟ್ಟಬೇಡಿ. ಶುದ್ಧ ಓಟ್ಸ್ ಬಹುತೇಕರಿಗೆ ಒಗ್ಗುತ್ತದೆ, ಆದರೆ ನಮ್ಮಲ್ಲಿ ಸಿಗುವುದರಲ್ಲಿ ಗೋಧಿಯ ಬೆರಕೆ ಸಾಮಾನ್ಯ.

ಒಂದು ಮಾತು ಸೇರಿಸಬೇಕು. ಮೂರು ಹೊತ್ತೂ ಬಿಳಿ ಅಕ್ಕಿಯೇ ಆದರೆ ನಾರು, ಬಿ ಜೀವಸತ್ವಗಳು ಕೊರತೆಯಾಗುತ್ತವೆ. ಕರುಳು ಗುಣವಾಗತೊಡಗಿದ ಮೇಲೆ ತಿಂದದ್ದೆಲ್ಲ ಮೈಗೆ ಹತ್ತುವುದರಿಂದ ತೂಕವೂ ಏರುತ್ತದೆ. ದಿನಕ್ಕೊಂದು ಹೊತ್ತು ಕುಚ್ಚಲಕ್ಕಿ, ರಾಗಿ ಅಥವಾ ನವಣೆಗೆ ಬದಲಿಸಿ, ಹೆಸರುಕಾಳು, ಅಲಸಂದೆ, ಹುರುಳಿ ತಪ್ಪಿಸಬೇಡಿ.

ಈಗ ಹಾಲು. ನಿಮ್ಮ ವೈದ್ಯರು ‘ಸದ್ಯಕ್ಕೆ’ ಎಂದದ್ದನ್ನು ನೀವು ಸರಿಯಾಗಿ ಕೇಳಿಸಿಕೊಂಡಿದ್ದೀರಿ, ಆದರೆ ಪತ್ರದ ಧಾಟಿ ನೋಡಿದರೆ ಜೀವಾವಧಿ ಶಿಕ್ಷೆ ಎಂದು ತಿಳಿದಂತಿದೆ. ಸಣ್ಣ ಕರುಳಿನ ಒಳಮೈಯಲ್ಲಿ ನವಿರಾದ ಅಸಂಖ್ಯ ಕುಚ್ಚುಗಳಿವೆ, ಆಹಾರದ ಸತ್ವ ಹೀರುವುದು ಅವುಗಳ ಕೆಲಸ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಇರುವುದು ಆ ಕುಚ್ಚುಗಳ ತುದಿಯಲ್ಲಿ. ಸೀಲಿಯಾಕ್‌ನಲ್ಲಿ ಮೊದಲು ಸವೆಯುವುದೂ ಆ ತುದಿಯೇ. ಕಬ್ಬಿಣದ ಮಾತ್ರೆ ನಾಟದೆ ಹೋದದ್ದಕ್ಕೂ ಹಾಲು ಕುಡಿದರೆ ಹೊಟ್ಟೆ ಉಬ್ಬುವುದಕ್ಕೂ ಹೀಗೆ ಕಾರಣ ಒಂದೇ. ಗ್ಲುಟೆನ್ ಪೂರಾ ನಿಂತರೆ ಕುಚ್ಚುಗಳು ಮತ್ತೆ ಬೆಳೆಯುತ್ತವೆ, ಕಿಣ್ವವೂ ಬಹಳ ಜನರಲ್ಲಿ ಮರಳುತ್ತದೆ. ಗಿರಣಿ, ಇಂಗು, ಮಾಲ್ಟ್ ಸರಿಮಾಡದೆ ಹಾಲನ್ನಷ್ಟೇ ದೂರುತ್ತ ಕೂತರೆ ಹಾಲು ಎಂದೂ ಒಗ್ಗುವುದಿಲ್ಲ.

ಮರಳಿ ಶುರುಮಾಡುವುದಕ್ಕೆ ಅವಸರ ಬೇಡ. ಈ ಸೋರಿಕೆಗಳನ್ನು ಮುಚ್ಚಿ ಮೂರು ತಿಂಗಳು ಹೊಟ್ಟೆ ಶಾಂತವಾಗಿದ್ದರೆ, ವೈದ್ಯರನ್ನು ಕೇಳಿ ಮೊದಲು ತುಪ್ಪ; ಅದರಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಎರಡು ವಾರ ಬಿಟ್ಟು ಮಧ್ಯಾಹ್ನದ ಅನ್ನಕ್ಕೆ ಒಂದು ಸೌಟು ಚೆನ್ನಾಗಿ ಹೆಪ್ಪಾದ ಮೊಸರು. ಅದು ಒಗ್ಗಿದರೆ ಕಾಫಿಗೆ ಕಾಲು ಲೋಟ ಹಾಲು. ನೂರು ಮಿಲಿಲೀಟರ್ ಹಾಲಿನಲ್ಲಿ ಐದು ಗ್ರಾಂಗೆ ಸಮೀಪ ಲ್ಯಾಕ್ಟೋಸ್ ಇರುವುದರಿಂದ ಒಂದು ಕಾಫಿಯಲ್ಲಿ ಎರಡೂವರೆ, ಮೂರು ಗ್ರಾಂ. ಲ್ಯಾಕ್ಟೋಸ್ ಒಗ್ಗದವರಲ್ಲೂ ಅನೇಕರು ಅಷ್ಟನ್ನು ತಡೆದುಕೊಳ್ಳುತ್ತಾರೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಹಾಲು ಕುಡಿದ ಕೂಡಲೇ ದದ್ದು, ತುಟಿ ಊತ, ಉಬ್ಬಸ ಬರುವವರಿಗೆ ತೊಟ್ಟು ಹಾಲೂ ಅಪಾಯ, ಮೇಕೆ ಹಾಲು, ಎಮ್ಮೆ ಹಾಲು ಎಂಬ ಪರ್ಯಾಯವೂ ಅವರಿಗಿಲ್ಲ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ಯಾವುದೂ ಕಾಣುವುದಿಲ್ಲ.

ಅಲ್ಲಿಯವರೆಗೆ ಕಾಫಿ? ಕಾಫಿ ಬೆಳೆಯುವ ಮನೆಯಿಂದ ಈ ಸಂಕಟ ಬಂದಾಗ ನನಗೆ ನಗು ಬಂತು, ಕ್ಷಮಿಸಿ. ಹಿರಿಯರು ಕುಡಿಯುತ್ತಿದ್ದ ಬೆಲ್ಲದ ಕಾಫಿಗೆ ಹಾಲೇ ಇರಲಿಲ್ಲ. ಬೆಲ್ಲ ಕುದಿಸಿದ ನೀರಿಗೆ ಪುಡಿ ಹಾಕಿ, ಮುಚ್ಚಿಟ್ಟು, ಗಷ್ಟು ತಳಕ್ಕೆ ಇಳಿದ ಮೇಲೆ ಬಗ್ಗಿಸಿ. ಶುಂಠಿಯೋ ಏಲಕ್ಕಿಯೋ ನಿಮ್ಮಿಷ್ಟ. ಬೆಳ್ಳಗಿನ ಕಾಫಿಯೇ ಬೇಕೆನಿಸಿದರೆ ಎಂಟು, ಹತ್ತು ಗೋಡಂಬಿ ನೆನೆಸಿ ನುಣ್ಣಗೆ ರುಬ್ಬಿ ಬೆರೆಸಿ. ತೆಂಗಿನ ಹಾಲು ಕುದಿಯುವ ಡಿಕಾಕ್ಷನ್ನಿಗೆ ಬಿದ್ದರೆ ಒಡೆಯುತ್ತದೆ, ಸ್ವಲ್ಪ ಆರಿದ ಮೇಲೆ ಹಾಕಬೇಕು. ಚಿಕೋರಿಯಲ್ಲಿ ಗ್ಲುಟೆನ್ ಇಲ್ಲ. ಒಂದು ಷರತ್ತು: ಕಬ್ಬಿಣದ ಮಾತ್ರೆ ಮತ್ತು ಕಾಫಿಯ ನಡುವೆ ಎರಡು ಗಂಟೆ ಅಂತರವಿರಲಿ, ಕಾಫಿ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಾತ್ರೆಯ ಜೊತೆ ನಿಂಬೆ ಶರಬತ್ತು ಕುಡಿದರೆ ಒಳ್ಳೆಯದು.

ತೆಂಗಿನ ಹಾಲು, ಗೋಡಂಬಿ ಹಾಲು ರುಚಿಗೆ ಸರಿ, ಮೂಳೆಗೆ ಅಲ್ಲ. ಹಾಲಿನಲ್ಲಿರುವಷ್ಟು ಕ್ಯಾಲ್ಸಿಯಂ ಅವುಗಳಲ್ಲಿಲ್ಲ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದೆ. ನಿಮ್ಮ ತಟ್ಟೆಯಿಂದಲೇ ಲೆಕ್ಕ ಹಾಕೋಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಎಪ್ಪತ್ತೈದು ಗ್ರಾಂನ ರೊಟ್ಟಿ ಅಥವಾ ಗಂಜಿಯಿಂದ 260. ನುಗ್ಗೆಸೊಪ್ಪು ಅಥವಾ ಹರಿವೆಸೊಪ್ಪು ನೂರು ಗ್ರಾಂ ಪಲ್ಯವಾದರೆ ಸುಮಾರು 300. ಸಿಪ್ಪೆ ತೆಗೆಯದ ಎಳ್ಳು ಒಂದು ದೊಡ್ಡ ಚಮಚ, ನೂರಕ್ಕೆ ಮೇಲೆ. ಗದ್ದೆಯ ಸಣ್ಣ ಮೀನು, ಒಣಮೀನನ್ನು ಮುಳ್ಳು ಸಮೇತ ಅಗಿದು ತಿನ್ನುವುದಾದರೆ ಅದು ದೊಡ್ಡ ಜಮಾ. ಮುಳ್ಳು ಬಿಡಿಸಿ ತಿನ್ನುವ ಅಂಜಲ್‌ನಿಂದ ಆ ಲಾಭವಿಲ್ಲ. ಎಲ್ಲ ಸೇರಿದರೂ ಏಳುನೂರರ ಆಸುಪಾಸು, ಅದೂ ಪ್ರತಿದಿನ ಶ್ರದ್ಧೆಯಿಂದ ತಿಂದರೆ. ಗುಣವಾಗುತ್ತಿರುವ ಕರುಳು ಅಷ್ಟನ್ನೂ ಹೀರುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ, ಕಬ್ಬಿಣದ ಮಾತ್ರೆ ಜೊತೆಗಲ್ಲ, ಬೇರೆ ಹೊತ್ತಿಗೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ಊರು ನಿಮ್ಮದು, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ರಾಗಿಯನ್ನು ಮೊಳಕೆ ಬರಿಸಿದರೆ ಅದರ ಸತ್ವ ಮೈಗೆ ಸುಲಭವಾಗಿ ದಕ್ಕುತ್ತದೆ. ಮೊಳಕೆ ರಾಗಿಯನ್ನು ಹಸಿಯಾಗಿಯೇ ರುಬ್ಬಿ, ಬೆಲ್ಲ, ತೆಂಗಿನ ಹಾಲು ಹಾಕಿ ಕಾಯಿಸಿದ ಗಂಜಿ ನಿಮ್ಮ ಮಾಲ್ಟ್ ಲೋಟದ ಜಾಗಕ್ಕೆ ಬರಲಿ.

(ಇದನ್ನು ಓದುತ್ತಿರುವ ಸೋಮವಾರಪೇಟೆ ಕಡೆಯ ಸಸ್ಯಾಹಾರಿಗಳಿಗೆ ಒಂದು ಸೂಚನೆ. ಮಾಂಸ, ಮೀನು, ಮೊಟ್ಟೆ ಇಲ್ಲದವರು ಹಾಲನ್ನೂ ಬಿಟ್ಟರೆ ಬಿ12 ಬರುವ ದಾರಿ ಮುಚ್ಚಿದಂತೆಯೇ. ಅವರಿಗೆ ಬಿ12 ಮಾತ್ರೆ ಐಚ್ಛಿಕವಲ್ಲ.)

ಅತ್ತೆಯವರ ಪ್ರಶ್ನೆ ಸರಿಯಾದದ್ದೇ, ಅದನ್ನು ಕೊಂಕು ಎಂದುಕೊಳ್ಳಬೇಡಿ. ಭಾರತದ ಬೇರೆಬೇರೆ ಭಾಗಗಳ ಆರೋಗ್ಯವಂತರ ರಕ್ತ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಈ ಕಾಯಿಲೆಯ ಪ್ರತಿಕಾಯ ಕಂಡುಬಂತು. ಕಾಯಿಲೆಗೆ ಬೇಕಾದ ವಂಶವಾಹಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ತಟ್ಟೆಯ ಗೋಧಿಯಲ್ಲಿ. ಅತ್ತೆಯವರ ಬಾಲ್ಯದಲ್ಲಿ ಬ್ರೆಡ್ ಎಂದರೆ ಜ್ವರ ಬಂದವರ ಆಹಾರ. ಈಗ ಬೆಳಗಿನ ಬಿಸ್ಕತ್ತಿನಿಂದ ರಾತ್ರಿಯ ಪರೋಟದವರೆಗೆ ನಮ್ಮ ಮನೆಗಳಲ್ಲೂ ಮೂರು ಹೊತ್ತು ಗೋಧಿಯಿದೆ. ಇಷ್ಟನ್ನು ಅವರಿಗೆ ಓದಿ ಹೇಳಿ. ನಿಮ್ಮ ಜರಡಿ ಕಾಯಲು ಅವರಿಗಿಂತ ಒಳ್ಳೆಯವರು ನಿಮಗೆ ಸಿಗುವುದಿಲ್ಲ.

ಮಕ್ಕಳಿಗೆ ಗೋಧಿ ನಿಲ್ಲಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಸೀಲಿಯಾಕ್ ಇರುವವರ ಮಕ್ಕಳು, ಒಡಹುಟ್ಟಿದವರು, ತಂದೆತಾಯಿಯರಲ್ಲಿ ಹತ್ತರಿಂದ ಹದಿನೈದು ಜನಕ್ಕೆ ಒಬ್ಬರಂತೆ ಇದು ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಇಬ್ಬರಿಗೂ ಈ ಕಾಯಿಲೆಯ ಪ್ರತಿಕಾಯ ಹುಡುಕುವ ಟಿಟಿಜಿ ರಕ್ತಪರೀಕ್ಷೆ ಆಗಲೇಬೇಕು, ಲಕ್ಷಣವಿಲ್ಲದಿದ್ದರೂ ಸಹ. ಆದರೆ ಗೋಧಿ ತಿನ್ನುತ್ತಿರುವಾಗ ಮಾತ್ರ ಆ ಪರೀಕ್ಷೆ ಸತ್ಯ ಹೇಳುತ್ತದೆ. ಮೊದಲೇ ನಿಲ್ಲಿಸಿದರೆ ಕಾಯಿಲೆ ಇದ್ದರೂ ವರದಿ ಸರಿಯಿದೆ ಎಂದು ಬರಬಹುದು. ಅದೇ ಕಾರಣಕ್ಕೆ, ಹೊಟ್ಟೆಯುಬ್ಬರ ಇದೆಯೆಂದು ಪರೀಕ್ಷೆಯಿಲ್ಲದೆ ತಾವೇ ಗೋಧಿ ಬಿಡುವವರನ್ನು ನಾನು ತಡೆಯುತ್ತೇನೆ. ಕಾಯಿಲೆ ಯಾವುದೆಂದು ಗೊತ್ತಾಗದೆ ಅರ್ಧಂಬರ್ಧ ಪಥ್ಯದಲ್ಲಿ ವರ್ಷಗಳು ಕಳೆಯುತ್ತವೆ.

ಇನ್ನು ಹುತ್ತರಿ. ತಂಬುಟ್ಟಿಗೆ ಮಾಗಿದ ಬಾಳೆಹಣ್ಣು, ಹುರಿದ ಅಕ್ಕಿಯ ಪುಡಿ, ಎಳ್ಳು, ತೆಂಗಿನಕಾಯಿ, ಏಲಕ್ಕಿ. ಅಕ್ಕಿಪುಡಿ ಮನೆಯಲ್ಲೇ ಆಗಿರಲಿ, ಬಡಿಸುವಾಗ ನಿಮ್ಮ ಪಾಲಿಗೆ ತುಪ್ಪ ಬೇಡ. ಅಷ್ಟು ಹೊತ್ತಿಗೆ ವೈದ್ಯರು ತುಪ್ಪಕ್ಕೆ ಒಪ್ಪಿದ್ದರೆ ಅದೂ ಇರಲಿ. ಹೊಸ ಅಕ್ಕಿಯ ಪಾಯಸಕ್ಕೆ ತೆಂಗಿನ ಹಾಲು. ಮಳೆಗಾಲದ ಕಕ್ಕಡ ತಿಂಗಳ ಮದ್ದು ಸೊಪ್ಪಿನ ಪಾಯಸಕ್ಕೂ ಅಕ್ಕಿ, ಬೆಲ್ಲ, ತೆಂಗು ಸಾಕು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಕಡಂಬುಟ್ಟು, ಪಂದಿ ಕರಿ ಇದ್ದೇ ಇದೆ. ನಮ್ಮ ಹಬ್ಬಗಳು ನಿಮಗೆ ಕಷ್ಟ ಕೊಡುವುದಿಲ್ಲ.

ಕಷ್ಟ ಕೊಡುವುದು ಮದುವೆಯ ಸಾಲು. ಅಲ್ಲಿ ಈಗ ಗೋಬಿ ಮಂಚೂರಿ, ಪರೋಟ, ರವೆ ಹಚ್ಚಿ ಕರಿದ ಮೀನು, ಶಾವಿಗೆ ಪಾಯಸ ಎಲ್ಲ ಬಂದಿವೆ. ಕಬಾಬಿಗೆ ಮೈದಾ ಸೇರಿರುತ್ತದೆ. ಹೊಸ್ತಿಲಲ್ಲಿ ನಿಂತ ಮನೆಯವರನ್ನು ಕೇಳಿದರೆ ಉಪಚಾರಕ್ಕೆ ‘ಏನೂ ಇಲ್ಲ, ಧಾರಾಳವಾಗಿ ತಿನ್ನಿ’ ಎನ್ನುತ್ತಾರೆ, ಅವರಿಗೂ ಗೊತ್ತಿರುವುದಿಲ್ಲ. ಅಡುಗೆ ಭಟ್ಟರನ್ನು ಕೇಳಿ. ‘ಗ್ಲುಟೆನ್ ಇದೆಯೇ’ ಎಂದಲ್ಲ. ‘ಇದಕ್ಕೆ ಮೈದಾ, ರವೆ, ಸೋಯಾ ಸಾಸ್, ಇಂಗು ಹಾಕಿದ್ದೀರಾ, ನೂಪುಟ್ಟಿನ ಹಿಟ್ಟು ಎಲ್ಲಿಯದ್ದು’ ಎಂದು. ಮೊದಲ ಪಂಕ್ತಿಗೇ ಕುಳಿತರೆ ಸೌಟುಗಳು ಇನ್ನೂ ಅದಲುಬದಲಾಗಿರುವುದಿಲ್ಲ. ಅನ್ನ, ಪಂದಿ ಕರಿ, ಭತ್ತದ ಗಿರಣಿಯ ತರಿಯ ಕಡಂಬುಟ್ಟು ಸಾಮಾನ್ಯವಾಗಿ ಸುರಕ್ಷಿತ. ಕಡಂಬುಟ್ಟಿನ ಮೇಲೆ ತುಪ್ಪ ಸವರಿದ್ದಾರೆಯೇ ನೋಡಿಕೊಳ್ಳಿ. ಹೋಟೆಲಿನಲ್ಲಿ ಇಡ್ಲಿ ಮತ್ತು ಕಾಯಿ ಚಟ್ನಿ ಇದ್ದುದರಲ್ಲಿ ಒಳ್ಳೆಯದು, ಚಟ್ನಿಯ ಒಗ್ಗರಣೆಗೆ ಇಂಗು ಬಿದ್ದಿದೆಯೇ ಎಂದು ಮಾತ್ರ ಕೇಳಿ. ಸಾಂಬಾರ್ ಬಿಡಿ, ರವೆ ಇಡ್ಲಿ ಬೇಡ, ದೋಸೆಯ ಕಾವಲಿಯ ಮೇಲೆ ರವೆ ದೋಸೆಯೂ ಆಗುತ್ತದೆ. ಮೊದಲ ಆರು ತಿಂಗಳು ಚೀಲದಲ್ಲಿ ನಿಮ್ಮದೇ ಡಬ್ಬಿ ಇರಲಿ. ನಾಲ್ಕು ಜನ ಕೇಳುತ್ತಾರೆ, ಐದನೆಯ ಮದುವೆಗೆ ಕೇಳುವುದನ್ನು ಬಿಡುತ್ತಾರೆ.

ಎರಡು ತಿಂಗಳ ನಂತರ, ಅಂದರೆ ಕಾಯಿಲೆ ಪತ್ತೆಯಾಗಿ ಆರು ತಿಂಗಳಿಗೆ, ಟಿಟಿಜಿ ಪರೀಕ್ಷೆ ಮತ್ತೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಮೊದಲ ವರದಿಯೊಂದಿಗೆ ಹೋಲಿಸಿದಾಗ ಅಂಕಿ ಇಳಿಯುತ್ತಿದ್ದರೆ ದಾರಿ ಸರಿಯಿದೆ; ಪೂರಾ ಇಳಿಯಲು ಒಂದೆರಡು ವರ್ಷ ಬೇಕಾದೀತು. ಅದರ ಜೊತೆಗೇ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಥೈರಾಯ್ಡ್ ನೋಡಿಸಿ, ಮೂಳೆಯ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಅಂಕಿ ಇಳಿಯದಿದ್ದರೆ ವಾರವೊಂದರ ಊಟವನ್ನು, ಯಾವ ಹಿಟ್ಟು, ಯಾವ ಅಂಗಡಿ, ಯಾವ ಪುಡಿ ಎನ್ನುವ ಸಮೇತ ಬರೆದು ತೆಗೆದುಕೊಂಡು ಹೋಗಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಆ ಎರಡು ತಿಂಗಳು ಕಾಯದೆ ಈ ವಾರವೇ ಹೋಗಿ.